ನೀನು ಕೇಳಿದ ಆ ದನಿ

ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳೇ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಏಳು ವಾರವಾಯಿತು, ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಅದೇನೂ ಸುಳ್ಳಲ್ಲ. ಕನ್ನಡಕದ ಗಾಜು ಉಜ್ಜುವ ಇನ್ನೊಬ್ಬಾತ ರಜೆ ಹಾಕಿದ್ದರಿಂದ ಎರಡು ಯಂತ್ರಕ್ಕೂ ನಾನೇ ನಿಂತಿದ್ದೆ. ಅಮ್ಮನ ಮಂಡಿನೋವು ಇಳಿದಿದೆ. ಮೆಟ್ಟಿಲು ಹತ್ತುವಾಗ ಮಾತ್ರ ನನಗೆ ಬೈಗುಳ. ಮೂರನೆಯ ಮಹಡಿಯಲ್ಲಿ ಮನೆ ಹಿಡಿದವನು ನಾನಂತೆ.

ನಿನ್ನ ತಂಡದ ಮೊದಲ ರೆಕಾರ್ಡಿಂಗಿಗೆ ನನ್ನ ಬೇಸ್ ಗಿಟಾರೇ ಬೇಕು ಎಂದಿದ್ದೆಯಲ್ಲ, ಕಳಿಸುತ್ತಿದ್ದೇನೆ. ಹೋಟೆಲಿನ ವಾದ್ಯತಂಡ ಬಿಟ್ಟಮೇಲೆ ನಾಲ್ಕು ವರ್ಷ ಅದು ಪೆಟ್ಟಿಗೆಯಲ್ಲೇ ಇತ್ತು. ತೆರೆದು ನೋಡಿದರೆ ಕತ್ತು ಬಿಲ್ಲಿನ ಹಾಗೆ ಬಾಗಿದೆ, ಗುಂಡಿ ತಿರುಗಿಸಿದರೆ ಕರಕರ ಸದ್ದು. ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದರು. ಒಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಬಿಗಿದು, ಇನ್ನು ಕಾಲು ಸುತ್ತು ನಾಳೆ, ಮರಕ್ಕೆ ಅವಸರ ಆಗದು ಎಂದರು. ತಂತಿ ಬದಲಿಸುತ್ತೇನೆ ಎಂದಾಗ ಮಾತ್ರ ನಾನು ಬೇಡವೆಂದೆ.

“ಹನ್ನೊಂದು ವರ್ಷದ ತಂತಿ ಇದು. ಸತ್ತುಹೋಗಿದೆ,” ಅಂದರು.

“ಸತ್ತಿಲ್ಲ, ಮಾಗಿದೆ,” ಅಂದೆ.

ಅವರು ಆಂಪ್ಲಿಫೈಯರಿಗೆ ಜೋಡಿಸಿ ದಪ್ಪ ತಂತಿಯನ್ನು ಒಮ್ಮೆ ಮೀಟಿದರು. ಕಪಾಟಿನ ಮೇಲಿದ್ದ ಮೊಳೆಡಬ್ಬಿ ಗುರುಗುಟ್ಟಿತು. ಆಮೇಲೆ ತಂತಿಯ ಸುದ್ದಿ ಎತ್ತಲಿಲ್ಲ.

ನಮ್ಮ ತಂಡದ ಒಂದೇ ಒಂದು ಕ್ಯಾಸೆಟ್ಟಿನ ಮೂರನೆಯ ಹಾಡಿನಲ್ಲಿ ಆ ದನಿ ಹೇಗೆ ಬಂತು ಎಂದು ಕೇಳಿದ್ದೀಯ. ಗಿಟಾರಿನ ಮಟ್ಟಿಗೆ ಹೇಳುತ್ತೇನೆ. ದನಿಯ ಹೊಳಪು ತಗ್ಗಿಸುವ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಡು. ಬೆರಳು ಕತ್ತಿನ ಕಡೆ ಇದ್ದರೆ ದನಿ ದುಂಡಗಿರುತ್ತದೆ, ಹಿಂದಕ್ಕೆ ಸರಿದಷ್ಟೂ ಮೂಗಿನಿಂದ ಮಾತಾಡುತ್ತದೆ. ಹೊಸ ತಂತಿ ಕಿಣಿಕಿಣಿ ಎಂದು ತನ್ನನ್ನೇ ಹೇಳಿಕೊಳ್ಳುತ್ತದೆ. ಇದು ಗುಂ ಎಂದು ಹಾಡನ್ನು ಎತ್ತಿ ಹಿಡಿಯುತ್ತದೆ. ಇದು ಇರುವಾಗ ಯಾರಿಗೂ ಕೇಳಿಸುವುದಿಲ್ಲ, ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯಲ್ಲಿ ಮೊದಲರ್ಧ ಗಿಟಾರಿಗೆ, ಉಳಿದರ್ಧ ತನಗೆ ಎನ್ನುತ್ತಾಳೆ ಅಮ್ಮ.

ತಂತಿ ಸಡಿಲಿಸಿ ಕಳಿಸಿದ್ದೇನೆ. ಕೈಗೆ ಬಂದೊಡನೆ ಬಿಗಿಯಬೇಡ, ಒಂದು ದಿನ ನಿನ್ನ ಕೋಣೆಯ ಗಾಳಿಗೆ ಹೊಂದಿಕೊಳ್ಳಲಿ. ಭಾರ ಬಹಳ, ಹೆಗಲಿಗೆ ಅಗಲದ ಪಟ್ಟಿಯನ್ನೇ ಹಾಕಿಕೋ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಕೈ ತಾಳ ತಪ್ಪದಿರಲಿ, ಹಿಡಿದ ಕೆಲಸ ಕೈಗೂಡಲಿ.

ಇಂತಿ,
ನಿನ್ನ ಅಪ್ಪ

ಕೊನೆಗೊಂದು ಮಾತು: ಆ ಮೂರನೆಯ ಹಾಡಿಗೆ ನುಡಿಸಿದ್ದು ನಾನಲ್ಲ. ಆ ಮಧ್ಯಾಹ್ನ ನಾನು ಆರು ಸಲ ತಾಳ ತಪ್ಪಿದೆ. ರೆಕಾರ್ಡಿಂಗ್ ಮಾಡುವವರು ಪಕ್ಕದ ಕೋಣೆಗೆ ಬೇರೆ ಕೆಲಸಕ್ಕೆ ಬಂದಿದ್ದ ಒಬ್ಬನನ್ನು ಕರೆದರು. ಅವನ ವಾದ್ಯ ಆಗಲೇ ಗಾಡಿಯಲ್ಲಿ ಹೊರಟುಹೋಗಿತ್ತು. “ಅಣ್ಣಾ, ನಿಮ್ಮದನ್ನೇ ಸ್ವಲ್ಪ ಕೊಡ್ತೀರಾ?” ಎಂದ. ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತೆ. ಹಾಡುವವರ ಕಂಠ ಗೋಡೆ ದಾಟಲಿಲ್ಲ, ಬೇಸ್ ಮಾತ್ರ ಬಂತು. ನನ್ನ ಗಿಟಾರ್ ಹಾಗೆ ನುಡಿಯಬಲ್ಲದು ಎಂದು ನನಗೆ ತಿಳಿದದ್ದು ಆವತ್ತೇ. ಒಂದೇ ಸಲಕ್ಕೆ ಮುಗಿಸಿ, ಒರೆಸಿ, ಎರಡೂ ಕೈಯಲ್ಲಿ ವಾಪಸು ಕೊಟ್ಟ. ನಾನು ಹೆಸರನ್ನೂ ಕೇಳಲಿಲ್ಲ. ಹೊದಿಕೆಯ ಮೇಲೆ ನನ್ನ ಹೆಸರು ಅಚ್ಚಾಯಿತು, ನಾನು ತಿದ್ದಿಸಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನೀನು ಅದನ್ನೇ ಕೇಳಿ ಕೇಳಿ ಕಲಿತು ನನ್ನೆದುರು ನುಡಿಸಿದೆ. ಆಗಲಾದರೂ ಹೇಳಬೇಕಿತ್ತು. ನುಡಿಸಿ ಮುಗಿಸಿ ನೀನು ನನ್ನನ್ನು ನೋಡಿದ ಆ ನೋಟವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನಿಮ್ಮ ರೆಕಾರ್ಡಿನ ಮೇಲೆ ‘ಅಪ್ಪನಿಂದ ಕಲಿತದ್ದು’ ಎಂದು ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಹಾಕಿಸುವ ಮೊದಲು ಇದು ನಿನಗೆ ಗೊತ್ತಿರಲಿ.