ವಯೋಮಿಂಗ್‌ಗೆ ನಾನೊಬ್ಬನೇ ಹೋದದ್ದು

ಮಿನ್ನೆಸೋಟ
ಮೇ 9, ಮಂಗಳವಾರ

ಪ್ರೀತಿಯ ವೆಂಡೆಲ್,

ನಾಲ್ಕು ಬೀದಿ ಆಚೆ ಇರುವವನಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದಾನೆ, ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಇಲ್ಲಿ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ಮಾರ್ಲಿಸ್ ಕಿಟಕಿಯ ತುಂಬ ಟೊಮೆಟೊ ಸಸಿ ಇಟ್ಟುಕೊಂಡು ನನ್ನನ್ನು ಆ ಕಡೆ ಸುಳಿಯಲೂ ಬಿಡುತ್ತಿಲ್ಲ. ಈ ಕಾಗದವನ್ನು ಏಳು ತಿಂಗಳ ಹಿಂದೆಯೇ ಬರೆಯಬೇಕಿತ್ತು. ತಡವಾದದ್ದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಭಾನುವಾರ ಚರ್ಚಿನಲ್ಲಿ ಕಾಫಿ ಕುಡಿಯುವಾಗ ನೀನು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಶನಿವಾರ ಬರ್ತೀನಿ ಕಣೋ, ಚಿಗರೆ ಬೇಟೆಗೆ ಅರ್ಜಿ ಹಾಕೋಣ. ಈ ಸಲ ನಾನೂ ಪಕ್ಕದಲ್ಲೇ ಕೂತು ನೋಡ್ತೀನಿ. ನಿನ್ನ ಒಂಬತ್ತು ಪಾಯಿಂಟಿನ ಹೆಗಲ ಮೇಲೆ ಕೂತು ವಯೋಮಿಂಗ್‌ಗೆ ಸವಾರಿ!" ಎಂದೆಯಲ್ಲ, ನಾನು ನಕ್ಕೆ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಬೇಟೆ ಲೈಸೆನ್ಸಿನ ಸರದಿಗೆಂದು ವರ್ಷಕ್ಕೊಂದರಂತೆ ಕೂಡಿಟ್ಟ ಆ ಒಂಬತ್ತು ಪಾಯಿಂಟು ಈಗ ಇಲ್ಲ. ಕಂಪ್ಯೂಟರಿನಲ್ಲಿ ನನ್ನ ಹೆಸರು ತೆರೆದರೆ ಸೊನ್ನೆ ಕಾಣುತ್ತದೆ. ಲೈಸೆನ್ಸು ಸಿಕ್ಕವನ ಪಾಯಿಂಟು ಸೊನ್ನೆಗೆ ಇಳಿಯುತ್ತದೆ ಎಂದು ನಿನಗೂ ಗೊತ್ತು. ಕಳೆದ ವರ್ಷ "ಲಾಟರಿಯಲ್ಲಿ ನಮ್ಮ ಹೆಸರು ಬರಲಿಲ್ಲ" ಎಂದು ನಾನು ಹೇಳಿದ್ದು ಸುಳ್ಳು. ನಿನ್ನ ಹೆಸರನ್ನು ನಾನು ಹಾಕಿಯೇ ಇರಲಿಲ್ಲ.

ವಯೋಮಿಂಗ್‌ನಲ್ಲಿ ಹೊರರಾಜ್ಯದವರಿಗೆ ಲೈಸೆನ್ಸು ಸುಲಭಕ್ಕೆ ಸಿಗುವುದಿಲ್ಲವೆಂದು ಇಬ್ಬರೂ ವರ್ಷ ವರ್ಷ ಪಾಯಿಂಟು ಕೊಂಡು ಕೂಡಿಡುತ್ತಾ ಬಂದವರು. ಹೋದರೆ ಒಟ್ಟಿಗೇ ಹೋಗುವುದು ಎಂದು ಮಾತಾಗಿತ್ತು. ಲವೋನ್ ತೀರಿಹೋಗುವ ಮುನ್ನ ಹಾಸಿಗೆ ಹಿಡಿದ ಎರಡು ವರ್ಷ ನೀನು ಪಾಯಿಂಟು ಕೊಳ್ಳುವುದನ್ನು ಮರೆತೆ; ಹೆಂಡತಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದವನಿಗೆ ಅದೆಲ್ಲಿ ನೆನಪಿರಬೇಕು? ಎರಡು ವರ್ಷ ತಪ್ಪಿದ್ದಕ್ಕೆ ನಿನ್ನ ಹಳೆಯ ಪಾಯಿಂಟೆಲ್ಲ ಅಳಿಸಿಹೋಯಿತು. ಒಟ್ಟಿಗೆ ಅರ್ಜಿ ಹಾಕಿದರೆ ಇಬ್ಬರದೂ ಕೂಡಿಸಿ ಸರಾಸರಿ ತೆಗೆಯುತ್ತಾರೆ, ನಿನ್ನ ಜೊತೆ ನಾನೂ ಕೆಳಗಿಳಿಯುತ್ತಿದ್ದೆ. ವಯಸ್ಸು ಎಪ್ಪತ್ತೊಂದಾಯಿತು, ಇನ್ನೆಷ್ಟು ವರ್ಷ ಕಾಯಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರ್ಲಿಸ್ ಬಿಡಲಿಲ್ಲ. "ಒಬ್ನೇ ಹೋಗ್ತೀನಿ ಅಂತ ಅವನಿಗೆ ಹೇಳಿ ಹೋಗು. ಅಷ್ಟು ಹೇಳಿದ್ರೆ ನಾಲಿಗೆ ಸವೆದು ಹೋಗುತ್ತಾ?" ಎಂದಳು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಫಾರ್ಗೋದಲ್ಲಿ ನಾದಿನಿಯ ಮನೆಯ ಸೂರು ರಿಪೇರಿ ಎಂದು ನಿನಗೆ ಸುಳ್ಳು ಹೇಳಿದೆ. ನೀನು ಪಾಪ, ಕುಂಟುತ್ತಾ ಬಂದು ನಿನ್ನ ಏಣಿ ಕೊಟ್ಟು ಹೋದೆ. ಅದನ್ನು ಗ್ಯಾರೇಜಿನಲ್ಲಿ ಟಾರ್ಪಾಲಿನಡಿ ಬಚ್ಚಿಟ್ಟು ಹೊರಟೆ.

ವಯೋಮಿಂಗ್‌ನ ಆ ಸರ್ಕಾರಿ ಬಯಲು ನಾವು ನಕ್ಷೆಯ ಮೇಲೆ ಬೆರಳಾಡಿಸಿ ನೋಡಿದ ಹಾಗೆಯೇ ಇದೆ. ನೀನು ಗುರುತು ಹಾಕಿದ್ದ ನೀರಿನ ತೊಟ್ಟಿಯ ಹಿಂದಿನ ದಿಬ್ಬದಲ್ಲೇ ಬೋರಲಾಗಿ ಮಲಗಿ ಕಾದೆ. ನೀನು ಹೇಳಿದ್ದಂತೆ ಚಿಗರೆಗಳು ಬೇಲಿ ಹಾರದೆ ತಂತಿಯ ಕೆಳಗೆ ನುಸುಳಿಕೊಂಡು ಬಂದವು. ಎರಡನೆಯ ಬೆಳಿಗ್ಗೆ ಒಂದು ಗಂಡು ಹೊಡೆದೆ. ದಾರಿಯಲ್ಲಿ ಲೈಸೆನ್ಸು ನೋಡಲು ನಿಲ್ಲಿಸಿದ ಅಧಿಕಾರಿ, ಚಿಕ್ಕ ವಯಸ್ಸಿನ ಹುಡುಗಿ, "ಒಬ್ರೇ ಬಂದ್ರಾ? ಜೊತೆಗ್ಯಾರೂ ಇಲ್ವಾ?" ಎಂದಳು. ಸ್ನೇಹಿತನಿಗೆ ಹುಷಾರಿಲ್ಲ ಎಂದೆ. "ಅಯ್ಯೋ ಪಾಪ, ಮುಂದಿನ ಸಲ ಕರ್ಕೊಂಡ್ ಬನ್ನಿ" ಎಂದಳು.

ಕ್ರಿಸ್‌ಮಸ್‌ಗೆ ನಿನಗೆ ತಂದುಕೊಟ್ಟ ಸಾಸೇಜು ಅದರದೇ. ಅಳಿಯ ಹೊಡೆದ ಜಿಂಕೆಯದು ಎಂದಿದ್ದೆ. "ಭಾರಿ ರುಚಿ ಕಣೋ, ನಿನ್ನ ಅಳಿಯನಿಗೆ ಶಹಬ್ಬಾಸ್ ಹೇಳು" ಎಂದು ನೀನು ಇನ್ನೊಂದು ತುಂಡು ಹಾಕಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಬಾಯಿ ಬಿಟ್ಟು ಹೇಳಲಿಲ್ಲ. ಈ ಶನಿವಾರ ಬರುತ್ತೇನೆ ಎಂದು ನೀನು ಹೇಳದೇ ಇದ್ದಿದ್ದರೆ ಇವತ್ತೂ ಬರೆಯುತ್ತಿರಲಿಲ್ಲವೇನೋ.

ಬರಬೇಕೆನಿಸಿದರೆ ಬಾ, ಬಂದು ಬೈದು ಹೋಗು. ಬಾರದಿದ್ದರೆ ಯಾಕೆ ಎಂದು ಕೇಳುವುದಿಲ್ಲ. ಅರ್ಜಿಗೆ ಇನ್ನೂ ಮೂರು ವಾರ ಇದೆ; ನಿನ್ನೊಬ್ಬನ ಹೆಸರಿನಲ್ಲಿ ಹಾಕು, ನನ್ನ ಹೆಸರು ನಿನ್ನದಕ್ಕೆ ತಗುಲುವುದು ಬೇಡ. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಕಣ್ತುಂಬ ನಿದ್ದೆ ಕೊಡಲಿ.

'ನಿನ್ನವನು' ಎಂದು ಬರೆಯಲು ನಾಚಿಕೆಯಾಗುತ್ತಿದೆ.

ಆರ್ಲೊ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಪಾಯಿಂಟಿನದು ನೆಪ. ಅದೇ ಬಯಲಿಗೆ ಹೆಣ್ಣು ಚಿಗರೆಯ ಲೈಸೆನ್ಸುಗಳು ಮಿಕ್ಕಿದ್ದವು, ಒಂದು ಪಾಯಿಂಟೂ ಇಲ್ಲದವರು ಕೊಳ್ಳಬಹುದಿತ್ತು. ನೀನು ನನ್ನ ಜೊತೆಗೇ ಬರಬಹುದಿತ್ತು. ನಾನು ಅದನ್ನು ನೋಡಿ ಸುಮ್ಮನಾದೆ. ಹನ್ನೊಂದು ಗಂಟೆಯ ದಾರಿಯುದ್ದಕ್ಕೂ ನೀನು ಲವೋನಳ ಮಾತೇ ಆಡುತ್ತೀಯ ಎಂದು ಗೊತ್ತಿತ್ತು, ಕೇಳಿ ಕೇಳಿ ನನಗೆ ಸಾಕಾಗಿತ್ತು. ಅಲ್ಲಿ ಮೂರು ದಿನ ಯಾರೂ ಅವಳ ಹೆಸರೆತ್ತಲಿಲ್ಲ, ವೆಂಡೆಲ್. ನಾನು ಸುಖವಾಗಿದ್ದೆ.