ನನ್ನ ಕೈಯಿಂದ ಮೌಸ್ ಕಸಿದುಕೊಳ್ಳುವವರಿಗೆ

ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುವ ಹೊಣೆ ಹೊತ್ತ ಮಾನ್ಯರೇ,

ಸೋಮವಾರ ನನ್ನ ತರಗತಿಯ ಒಬ್ಬ ಹುಡುಗಿ, ಓದಲು ಬಂದೂ ಓದುವುದರಲ್ಲಿ ನಪಾಸಾಗಲಿದ್ದಾಳೆ. ಅದನ್ನು ತಪ್ಪಿಸುವ ಗುಂಡಿ ಕಂಪ್ಯೂಟರಿನಲ್ಲೇ ಇದೆಯಂತೆ. ಅದನ್ನು ಹುಡುಕಿ ಒತ್ತಲು ನನಗೆ ಬರುವುದಿಲ್ಲ. ನಾನು ಭಾಷಾ ಶಿಕ್ಷಕಿ. ನಿಮ್ಮ ತರಬೇತಿಯಲ್ಲಿ "ಪರಿಣತಿ ಸಾಧಿಸಿದ್ದಾರೆ" ಎಂಬ ಪ್ರಮಾಣಪತ್ರ ಪಡೆದವಳು. ನಗಬೇಡಿ, ಅದರ ಕೆಳಗಿರುವ ಸಹಿ ನಿಮ್ಮದೇ.

ಆ ಹುಡುಗಿಗೆ ಉಗ್ಗು. ಪದದ ಬಾಗಿಲಲ್ಲೇ ನಾಲಿಗೆ ನಿಂತುಬಿಡುತ್ತದೆ. ಸ್ವಲ್ಪ ಕಾದರೆ ಸಾಕು, ಆಮೇಲೆ ಅವಳಷ್ಟು ಚೆನ್ನಾಗಿ ಪದ್ಯ ಓದುವವರು ತರಗತಿಯಲ್ಲಿಲ್ಲ. ಇಷ್ಟು ವರ್ಷ ಮೌಖಿಕ ಪರೀಕ್ಷೆಯಲ್ಲಿ ನಾನು ಕಾಯುತ್ತಿದ್ದೆ. ಈ ವರ್ಷದಿಂದ ಕಂಪ್ಯೂಟರೇ ಕೇಳಿಸಿಕೊಂಡು ಅಂಕ ಕೊಡಬೇಕೆಂದು ತಾವು ಆದೇಶ ಹೊರಡಿಸಿದಿರಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಮೊದಲ ಪದಕ್ಕೆ ಬಾಯಿ ತೆರೆದು ತಡವರಿಸುವಷ್ಟರಲ್ಲಿ ಅದು "ಧನ್ಯವಾದಗಳು" ಎಂದು ಸೊನ್ನೆ ಕೊಟ್ಟಿತು. ಎಷ್ಟು ಸಭ್ಯ ಯಂತ್ರ! ಸೋಮವಾರವೂ ಸೊನ್ನೆ ಬಂದರೆ ಅವಳಿಗೆ ಮುಂದಿನ ತರಗತಿಯಿಲ್ಲ. ಹುಡುಗಿ ನನ್ನತ್ತ ತಿರುಗಿ, "ಮಿಸ್, ಅದಕ್ಕೆ ಕಾ... ಕಾಯೋಕೆ ಬರಲ್ವಾ?" ಎಂದಳು. ನನಗೆ ಅಳು ಬಂತು.

ಆ ಗುಂಡಿ ಒತ್ತಿ ಯಂತ್ರ ಕಾಯುವ ಹೊತ್ತನ್ನು ಹೆಚ್ಚಿಸಬಹುದು. ಆದರೆ ಅದನ್ನು ಪರೀಕ್ಷೆಯ ಹೊತ್ತಿಗೇ, ಶಿಕ್ಷಕಿಯೇ ಹೊಂದಿಸಬೇಕು. ಕೊಠಡಿಯೊಳಗೆ ಬೇರೆ ಯಾರೂ ಬರಕೂಡದು. ಇದು ನಿಮ್ಮದೇ ನಿಯಮ. ಹಾಗಾದರೆ ಕಲಿಸಿದಿರಾ? ನಿಮ್ಮ ತರಬೇತುದಾರರು ಬಂದಾಗ ನಾನು ಮೌಸ್ ಮೇಲೆ ಕೈಯಿಟ್ಟೆ. ಪರದೆಯ ಮೇಲೆ ಬಾಣದ ಗುರುತನ್ನು ಹುಡುಕತೊಡಗಿದೆ. "ಬಿಡಿ ಮೇಡಂ, ನಿಮಗ್ಯಾಕೆ ತಲೆನೋವು, ನಾನೇ ಮಾಡ್ತೀನಿ" ಎಂದು ಕಸಿದುಕೊಂಡು, ಟಕಟಕ ಒತ್ತಿ, "ನೋಡಿ, ಎಷ್ಟು ಸುಲಭ!" ಎಂದರು. ಯಾರಿಗೆ ಸುಲಭ, ಮಾನ್ಯರೇ? ಗಣಿತದ ಮೇಷ್ಟ್ರೂ ಹಾಗೇ. ಮನೆಯಲ್ಲಿ ಮಗಳೂ "ಅಯ್ಯೋ ಅಮ್ಮಾ, ಕೊಡಿಲ್ಲಿ" ಎನ್ನುತ್ತಾಳೆ. ಎಲ್ಲರೂ ಒಳ್ಳೆಯವರೇ. ಉಗ್ಗುವವರ ಬಾಯಿಂದ ಮಾತು ಕಿತ್ತುಕೊಂಡು ತಾವೇ ಮುಗಿಸುವವರೂ ಒಳ್ಳೆಯವರೇ. ನನಗೆ ಭಯವಿದೆ, ಒಪ್ಪುತ್ತೇನೆ. ಪರದೆ ತಟ್ಟನೆ ಬದಲಾದರೆ ಎಲ್ಲ ಮಕ್ಕಳ ಅಂಕವನ್ನೂ ಅಳಿಸಿಹಾಕಿದೆನೇನೋ ಎಂದು ಬೆವರುತ್ತೇನೆ. ಆದರೆ ಒಂದು ಕೆಲಸವನ್ನೂ ಕೊನೆ ಮುಟ್ಟಿಸಲು ಬಿಡದಿದ್ದರೆ ಭಯ ಹೋಗುವುದಾದರೂ ಹೇಗೆ?

ನಿನ್ನೆ ಶಾಲೆ ಬಿಟ್ಟ ಮೇಲೆ ಖಾಲಿ ಕೊಠಡಿಯಲ್ಲಿ ಆ ಗುಂಡಿ ಹುಡುಕುತ್ತ ಕುಳಿತೆ. ಹುಡುಗಿ ಪಕ್ಕದಲ್ಲೇ ಇದ್ದಳು. ಬಾಣದ ಗುರುತು ದಾರಿ ತಪ್ಪಿ ಪರದೆ ತುಂಬ ಅಲೆಯಿತು. ಅವಳು ಕೈ ಚಾಚಲಿಲ್ಲ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, "ನಿ... ನಿಧಾನ, ಮಿಸ್" ಎಂದಳು. ಅಷ್ಟರಲ್ಲಿ ಕಾವಲುಗಾರ ಬೀಗದ ಕೈ ಆಡಿಸುತ್ತ ಬಾಗಿಲಿಗೆ ಬಂದ. ಹುಡುಕುವುದನ್ನು ಅರ್ಧಕ್ಕೇ ಬಿಟ್ಟು ಏಳಬೇಕಾಯಿತು.

ಸೋಮವಾರದೊಳಗೆ ಒಬ್ಬರನ್ನು ಕಳಿಸಿಕೊಡಿ. ಮಹಾ ಪಂಡಿತರು ಬೇಡ, ಹೊಸ ಕಂಪ್ಯೂಟರೂ ಬೇಡ. ನಾನೇ ಆ ಗುಂಡಿಯನ್ನು ಹುಡುಕಿ ಒತ್ತುವವರೆಗೆ ಪಕ್ಕದಲ್ಲಿ ಕೈಕಟ್ಟಿ ಕೂರುವವರು ಬೇಕು. ಅಂಥವರು ನಿಮ್ಮ ಕಚೇರಿಯಲ್ಲಿ ಒಬ್ಬರೂ ಇಲ್ಲವಾದರೆ ತಿಳಿಸಿ. ನಿಮಗೆ ತರಬೇತಿ ಕೊಡಲು ಆ ಹುಡುಗಿಯನ್ನೇ ಕಳಿಸುತ್ತೇನೆ. ಅವಳ ಮಾತು ಮುಗಿಯುವ ಮೊದಲು ಮಾತ್ರ, ದಯವಿಟ್ಟು, ಧನ್ಯವಾದ ಹೇಳಬೇಡಿ.

ಇಂತಿ,
ಪ್ರಮಾಣಪತ್ರ ಸಿಕ್ಕಿ ಮೌಸ್ ಸಿಗದ
ನಿಮ್ಮ ಪರಿಣತ ಭಾಷಾ ಶಿಕ್ಷಕಿ