ಕುಂಡದ ಕೆಳಗಿನ ಬೀಗದಕೈ

ಚೋಟು,

ಫೋನು ಮತ್ತೆ ಮನೆಯಲ್ಲೇ ಬಿಟ್ಟು ಹೋಗಿದ್ದೀಯ, ಅದಕ್ಕೇ ಈ ಚೀಟಿ.

ಬೇರೆ ಯಾರೂ ಓದಲಾಗದಂತೆ ಬೀಗ ಹಾಕಿ ಕಳಿಸುವ ಗುಟ್ಟಿನ ಮೇಲ್ ಶುರುಮಾಡೋಣ ಅಂತ ನನ್ನ ಪ್ರಾಣ ತಿಂದವನು ನೀನೇ. ಮೊನ್ನೆ ನಿನ್ನ ಹೆಸರಿನಲ್ಲಿ ಒಂದು ಮೇಲ್ ಬಂತು: 'ಇದು ನನ್ನ ಬೀಗ. ಇದನ್ನು ಹಾಕಿ ಕಳಿಸಿದ್ದನ್ನು ನಾನೊಬ್ಬನೇ ತೆಗೆಯಬಲ್ಲೆ.' ಇಂಥ ಬೀಗ ಬಂದರೆ ಅದು ನಿಜವಾಗಿ ಕಳಿಸಿದವನದೇನಾ ಅಂತ ಅದರ ನಂಬರನ್ನು ಎದುರುಬದುರು ಕೂತು ತಾಳೆ ನೋಡಬೇಕು ಅಂತ ನೀನು ಮೊದಲೇ ಬಡಕೊಂಡಿದ್ದೆ. ಪಕ್ಕದ ಕೋಣೆಯವನ ಬೀಗಕ್ಕೆ ಎಂಥ ತಾಳೆ ಅಂತ ನಾನು ನೋಡಲೇ ಇಲ್ಲ. ಅದೇ ಬೀಗ ಹಾಕಿ, ಮನೆಯ ಇನ್ನೊಂದು ಬೀಗದಕೈ ಬಾಗಿಲ ಬಳಿಯ ಕುಂಡದ ಕೆಳಗಿದೆ ಅಂತ ಬರೆದು ಕಳಿಸಿದೆ. 'ಸಿಕ್ಕಿತು ಅಕ್ಕ' ಅಂತ ಉತ್ತರ ಬಂತು.

ಇವತ್ತು ನೀನು ಚಪ್ಪಲಿ ಮೆಟ್ಟುತ್ತಾ, "ನಾನು ಮೇಲ್ ಬೀಗ ಇನ್ನೂ ಮಾಡ್ಕೊಂಡೇ ಇಲ್ಲ ಕಣಕ್ಕ" ಅಂದು ಹೊರಟುಬಿಟ್ಟೆ.

ಆಮೇಲೆ ಕುಂಡ ಎತ್ತಿ ನೋಡಿದೆ. ಬೀಗದಕೈ ಅಲ್ಲೇ ಇದೆ. ಆದರೆ ಅದಕ್ಕೆ ಹಿಡಿದಿದ್ದ ತುಕ್ಕನ್ನು ಯಾರೋ ಉಜ್ಜಿ ತೆಗೆದು, ಎಣ್ಣೆ ಸವರಿ ಇಟ್ಟಿದ್ದಾರೆ.

ಬಾಗಿಲಿನ ಬೀಗ ಬದಲಿಸುವವನನ್ನು ಕರೆತರಲು ಹೋಗಿದ್ದೇನೆ. ಆ ಮೇಲ್‌ಗೆ ಉತ್ತರ ಬರೆಯಬೇಡ.

ಈ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ನಿನಗೆ ಇದು ಬೇರೆಲ್ಲಾದರೂ ಸಿಕ್ಕಿದ್ದರೆ, ಒಳಗೆ ನಿಲ್ಲಬೇಡ ಕಂದ, ಹೊರಗೆ ಓಡು.

ಅಕ್ಕ